ಆ ಬಾಗಿಲಿನ ಹೊರಗೆ ಕೂತ ಅಮ್ಮಂದಿರು

ನಾನು ಡಾಕ್ಟರ್ ಅಲ್ಲ, ಸಂಶೋಧಕಿಯೂ ಅಲ್ಲ. ಶಿವಮೊಗ್ಗದಲ್ಲಿರುವ ಒಬ್ಬ ತಾಯಿ. ನನ್ನ ಮಗನಿಗೆ ಈಗ ಹನ್ನೆರಡು ವರ್ಷ. ಅವನಿಗೆ ಆಟಿಸಂ ಇದೆ. ಅಂಗವೈಕಲ್ಯ ಇರುವ ಮಕ್ಕಳ ಮನೆಯವರಿಗೆ ಎಂಥ ನೆರವು ಬೇಕು ಅನ್ನೋದರ ಬಗ್ಗೆ ಇವತ್ತು ಮಾತಾಡ್ತೀನಿ.

ಅವನಿಗೆ ಮೂರು ವರ್ಷ ತುಂಬಿದರೂ ಮಾತು ಬರಲಿಲ್ಲ. ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋಗ್ತಿದ್ದೆವು. ಮುಕ್ಕಾಲು ಗಂಟೆ ಥೆರಪಿ. ಅವನು ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಬಾಗಿಲು ಮುಚ್ಚಿರುತ್ತಿತ್ತು. ಮುಗಿದ ಮೇಲೆ, ‘ಮನೇಲೂ ಪ್ರಾಕ್ಟೀಸ್ ಮಾಡಿಸಿ’ ಅನ್ನೋರು. ಏನನ್ನು, ಹೇಗೆ ಅಂತ ಹೇಳ್ತಿರಲಿಲ್ಲ. ಇತ್ತ ಮನೆಯಲ್ಲಿ ಅತ್ತೆ, ‘ಇವಳು ಮಗೂಗೆ ಮೊಬೈಲ್ ಕೊಟ್ಟು ಕೊಟ್ಟು ಹಿಂಗಾಯ್ತು’ ಅನ್ನೋರು.

ಅತ್ತೆಯನ್ನು ದೂರಿ ಏನು ಪ್ರಯೋಜನ? 1950–60ರ ದಶಕಗಳಲ್ಲಿ ಅಮೆರಿಕದ ದೊಡ್ಡ ದೊಡ್ಡ ತಜ್ಞರೇ, ತಾಯಿಗೆ ಮಗುವಿನ ಮೇಲೆ ಪ್ರೀತಿ ಇಲ್ಲದ್ದರಿಂದ ಆಟಿಸಂ ಬರುತ್ತೆ ಅಂತಿದ್ದರು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್ ಮದರ್’ ಅಂತ ಹೆಸರೂ ಇಟ್ಟಿದ್ದರು. ಅದು ತಪ್ಪು ಅಂತ 1964ರಲ್ಲಿ ಪುಸ್ತಕ ಬರೆದು ವಾದಿಸಿದವರು ಬರ್ನಾರ್ಡ್ ರಿಮ್ಲಂಡ್. ಅವರು ಮನಶ್ಶಾಸ್ತ್ರಜ್ಞ, ಜೊತೆಗೆ ಆಟಿಸಂ ಇದ್ದ ಹುಡುಗನ ತಂದೆ.

ಈಗಿನ ಸಂಶೋಧನೆ ತಾಯಿಯನ್ನು ನೋಡುವ ರೀತಿಯೇ ಬೇರೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಂದು ಪ್ರಯೋಗ ನಡೆಯಿತು. ಹೆಸರು ‘ಪಾಸ್’. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡರಿಂದ ಒಂಬತ್ತು ವರ್ಷದ 65 ಮಕ್ಕಳಿದ್ದರು. ಅರ್ಧದಷ್ಟು ಮನೆಯವರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ 12 ಸೆಷನ್‌ಗಳ ತರಬೇತಿ. ಕೊಟ್ಟವರು ತಜ್ಞರಲ್ಲ, ಇದಕ್ಕೆಂದೇ ತಯಾರಾದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡೋದು, ಆಮೇಲೆ ಜೊತೆಯಲ್ಲಿ ಕೂತು ನೋಡೋದು. ಇಷ್ಟೇ.

ನನಗೂ ಇದೇ ರೀತಿ ಒಬ್ಬ ಟೀಚರ್ ಹೇಳಿಕೊಟ್ಟಿದ್ದರು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಐದು ನಿಮಿಷ ರೆಕಾರ್ಡ್ ಮಾಡಿದೆ. ಆಮೇಲೆ ನೋಡಿದರೆ, ಬರೀ ನಾನೇ! ‘ಇದೇನು ಪುಟ್ಟ? ಇದ್ಯಾವ ಬಣ್ಣ? ಹೇಳು, ಹೇಳು...’ ಆ ಐದು ನಿಮಿಷದಲ್ಲಿ ಅವನು ಎರಡು ಸಲ ನನ್ನ ಮುಖ ನೋಡಿದ್ದ. ಎರಡು ಸಲವೂ ನಾನು ಬಣ್ಣದ ಕಾರ್ಡ್ ಹುಡುಕ್ತಿದ್ದೆ. ಅವನು ನನ್ನನ್ನು ನೋಡೋದೇ ಇಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದವಳು ನಾನು.

ಮಾರನೇ ದಿನ ಸುಮ್ಮನೆ ಕೂತೆ. ಅವನು ತಟ್ಟೆ ತಿರುಗಿಸಿದ, ನಾನೂ ತಿರುಗಿಸಿದೆ. ತಟ್ಟೆ ನಿಂತಿತು. ಅವನು ನನ್ನ ಕೈ ಹಿಡಿದು ತಟ್ಟೆ ಮೇಲಿಟ್ಟ. ‘ಇನ್ನೊಂದ್ಸಲ’ ಅಂತ ಅರ್ಥ. ಅವನು ನನ್ನನ್ನು ಕೇಳಿದ ಮೊದಲನೆಯ ವಿಷಯ ಅದು.

ಪಾಸ್ ಪ್ರಯೋಗದಲ್ಲೂ ಕಂಡಿದ್ದು ಇದೇ. ತರಬೇತಿ ಪಡೆದ ಹೆತ್ತವರು ಮಗುವಿಗೆ ಹೊಂದಿಕೊಂಡು ಸ್ಪಂದಿಸೋದು ಹೆಚ್ಚಾಯಿತು. ಮಕ್ಕಳು ತಾವಾಗಿಯೇ ಸಂವಹನಕ್ಕೆ ಮುಂದಾಗೋದೂ ಹೆಚ್ಚಾಯಿತು. ಆದರೆ ಇಬ್ಬರ ಗಮನವೂ ಒಂದೇ ಕಡೆ ಇರುವ ಸಮಯ ಹೆಚ್ಚಲಿಲ್ಲ, ಕಡಿಮೆಯೇ ಆಯಿತು. ಅಂದರೆ ಇದು ಮಾಯಾಮಂತ್ರ ಅಲ್ಲ. ನನ್ನ ಮಗ ಇವತ್ತಿಗೂ ನಾಲ್ಕೈದು ಪದ ಮಾತ್ರ ಆಡ್ತಾನೆ. ಆದರೆ ಬೇಕಾದ್ದನ್ನು ಕೇಳ್ತಾನೆ, ಬೇಡ ಅಂದರೆ ಬೇಡ ಅಂತಾನೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ‘ಹಾಗಾದ್ರೆ ಎಲ್ಲಾ ಅಮ್ಮನೇ ಮಾಡಲಿ’ ಅಂದುಬಿಟ್ಟರೆ ಅದು ನೆರವಲ್ಲ, ಮತ್ತೊಂದು ಹೊರೆ. ವಿಶ್ವ ಆರೋಗ್ಯ ಸಂಸ್ಥೆಯ ಆರೈಕೆದಾರರ ತರಬೇತಿಯಲ್ಲಿ ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ ಇವೆ. ಆರೈಕೆ ಮಾಡುವವರ ಸ್ವಂತ ಆರೋಗ್ಯ, ನೆಮ್ಮದಿಯೂ ಅದರಲ್ಲಿ ಪಾಠವೇ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ, ಹೆಚ್ಚು ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಹಲವರು ಸ್ವತಃ ಅಂಗವಿಕಲರು. ಪಿಂಚಣಿ ಅರ್ಜಿ, ಗುರುತಿನ ಚೀಟಿ ಅಂತ ಓಡಾಡ್ತಾರೆ. ಅವರಿಗೆ ಇಂಥ ತರಬೇತಿ, ತಕ್ಕ ಸಂಬಳ ಕೊಟ್ಟರೆ? ರಾತ್ರಿ ಬಸ್ಸು ಹಿಡಿಯಲಾಗದ ಅಮ್ಮನ ಮನೆ ಬಾಗಿಲಿಗೇ ನೆರವು ಬರುತ್ತೆ.

ಕೇಳ್ತಿರೋ ಅಪ್ಪಂದಿರಿಗೆ, ಅಜ್ಜ ಅಜ್ಜಿಯರಿಗೆ ಒಂದು ಮಾತು. ನಮ್ಮ ಮನೇಲಿ ಈಗ ಸಂಜೆ ಒಂದು ಗಂಟೆ ಮಗನ ಜೊತೆ ತಟ್ಟೆ ತಿರುಗಿಸೋದು ಅತ್ತೆ. ಆ ಹೊತ್ತಿಗೆ ನಾನು ವಾಕಿಂಗ್ ಹೋಗ್ತೀನಿ. ಯಾರೂ ಭಾಷಣ ಮಾಡಿ ಅವರನ್ನು ಬದಲಾಯಿಸಲಿಲ್ಲ. ಆ ವಿಡಿಯೊ ಅವರಿಗೂ ತೋರಿಸಿದ್ದೆ, ಅಷ್ಟೇ. ನೋಡಿ, ‘ಅಯ್ಯೋ, ಕೂಸು ನಿನ್ನನ್ನೇ ನೋಡ್ತಿತ್ತಲ್ಲೇ!’ ಅಂದರು.