ಹಳೆಯ ಜೀಪಿಗೆ ಹಳೆಯ ಬಾನುಲಿ

ಕುರುಕ್ಷೇತ್ರದಲ್ಲಿ ಒಬ್ಬೊಬ್ಬ ವೀರನಿಗೂ ಒಂದೊಂದು ಶಂಖವಿತ್ತು. ಕೃಷ್ಣನದು ಪಾಂಚಜನ್ಯ, ಅರ್ಜುನನದು ದೇವದತ್ತ. ಶಂಖನಾದವು ಸೈನ್ಯಕ್ಕೆ ಹುರುಪನ್ನು ಕೊಡಬಲ್ಲುದು. ಆದರೆ "ಹಳ್ಳದ ಆಚೆ ಶತ್ರುವಿದ್ದಾನೆ, ಎಡಕ್ಕೆ ಸರಿ" ಎಂದು ಹೇಳಲಾರದು. ಓಡುವ ವಾಹನದಲ್ಲಿ ಕುಳಿತವನಿಗೆ ಮೈಲಿಗಳಾಚೆಯಿಂದ ಮಾತು ಮುಟ್ಟಿಸುವ ವಿದ್ಯೆ ಸೈನ್ಯಗಳಿಗೆ ಚೆನ್ನಾಗಿ ಕೈಗೂಡಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆಗಿನ ಜೀಪುಗಳನ್ನೂ ಬಾನುಲಿ ಯಂತ್ರಗಳನ್ನೂ ಹುಡುಕಿ ತಂದು, ದುರಸ್ತಿ ಮಾಡಿ, ಒಂದರಲ್ಲೊಂದು ಕೂಡಿಸುವ ಹವ್ಯಾಸಿಗಳು ಇಂದು ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಬಹಳ ಮಂದಿ ಇದ್ದಾರೆ. ನಿಮ್ಮಲ್ಲಿಯೂ ಯಾರಾದರೂ ಹಳೆಯ ಜೀಪೊಂದನ್ನು ಅಕ್ಕರೆಯಿಂದ ಸಾಕಿಕೊಂಡಿದ್ದರೆ ಈ ನಾಲ್ಕು ಮಾತು ಉಪಯೋಗಕ್ಕೆ ಬಂದೀತು.

ಉದಾಹರಣೆಗೆ ಒಂದು ಯಂತ್ರವನ್ನು ತೆಗೆದುಕೊಳ್ಳೋಣ. ಅದರ ಹೆಸರು ವೈರ್‌ಲೆಸ್ ಸೆಟ್ ನಂಬರ್ 19. ಬ್ರಿಟಿಷ್ ಟ್ಯಾಂಕುಗಳಿಗಾಗಿ 1941ರ ಸುಮಾರಿಗೆ ಕೇಂಬ್ರಿಜ್‌ನ ಪೈ ಕಂಪನಿಯವರು ಇದನ್ನು ರೂಪಿಸಿದರು. ಒಂದೇ ಪೆಟ್ಟಿಗೆಯಲ್ಲಿ ಮೂರು ಕೆಲಸ. ಮೊದಲನೆಯ ಭಾಗ 2ರಿಂದ 8 ಮೆಗಾಸೈಕಲ್‌ವರೆಗೆ ದೂರದ ದಳಗಳೊಡನೆ ಮಾತನಾಡಲು. ಎರಡನೆಯದು ಪಕ್ಕದ ಟ್ಯಾಂಕಿನೊಡನೆ. ಮೂರನೆಯದು ಟ್ಯಾಂಕಿನೊಳಗಿನವರು ಪರಸ್ಪರ ಮಾತನಾಡಲು. ಕೆನಡಾ, ಅಮೆರಿಕಗಳಲ್ಲಿಯೂ ಇದು ತಯಾರಾಯಿತು. ರಷ್ಯದ ಸೈನ್ಯಕ್ಕೂ ಹೋಗಬೇಕಾಗಿದ್ದುದರಿಂದ ಅನೇಕ ಪೆಟ್ಟಿಗೆಗಳ ಮೇಲೆ ಇಂಗ್ಲಿಷಿನ ಜೊತೆಗೆ ರಷ್ಯನ್ ಲಿಪಿಯನ್ನೂ ಕಾಣಬಹುದು.

ಇಂಥ ಯಂತ್ರವನ್ನು ಕೊಳ್ಳುವಾಗ ಪೆಟ್ಟಿಗೆಯೊಂದನ್ನೇ ನೋಡಿ ಮರುಳಾಗಬೇಡಿ. ವಿದ್ಯುತ್ ಒದಗಿಸುವ ಬೇರೆ ಪೆಟ್ಟಿಗೆ, ಕೂಡಿಸುವ ಕೇಬಲ್ಲುಗಳು, ಮೈಕ್ರೋಫೋನು, ತಲೆಗೆ ಹಾಕುವ ಫೋನು, ಏರಿಯಲ್ ಕಂಬಿ, ಅದರ ಬುಡ ಇವೆಲ್ಲ ಇವೆಯೇ ಎಂದು ವಿಚಾರಿಸಿ. ಇವಿಲ್ಲದ ಸೆಟ್ಟು ನೊಗವಿಲ್ಲದ ಗಾಡಿ. ಆಮೇಲೆ ಒಂದೊಂದನ್ನೇ ಅರಸಿ ಅಲೆಯುವುದರಲ್ಲಿ ಹಣವೂ ವರ್ಷಗಳೂ ಕಳೆದುಹೋಗುತ್ತವೆ.

ಎರಡನೆಯದು ಬ್ಯಾಟರಿಯ ಲೆಕ್ಕ. ಯುದ್ಧಕಾಲದ ವಿಲ್ಲೀಸ್ ಜೀಪಿನದು 6 ವೋಲ್ಟು. ನಂಬರ್ 19 ಸೆಟ್ಟಿಗೆ ಬೇಕಾದುದು 12 ವೋಲ್ಟು. ಅಮೆರಿಕದ ಸೈನ್ಯದ ಮುಂದಿನ ತಲೆಮಾರಿನ ಸೆಟ್ಟುಗಳಿಗೆ 24 ವೋಲ್ಟು. ಆದುದರಿಂದ ವಾಹನಕ್ಕೆ ಹೊಂದುವ ಸೆಟ್ಟನ್ನು ಆರಿಸಬೇಕು. ಇಲ್ಲವೇ ಸೆಟ್ಟಿಗೆಂದೇ ಬೇರೆ ಬ್ಯಾಟರಿಯನ್ನು ಇಡಬೇಕು. ಎಳೆಯುವ ವಿದ್ಯುತ್ತು ಹೆಚ್ಚು. ತಂತಿ ದಪ್ಪವಾಗಿರಲಿ, ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಜು ಇರಲಿ. ತೆಳುವಾದ ತಂತಿ ಕಾದು ಹೊತ್ತಿಕೊಂಡರೆ ಪಕ್ಕದಲ್ಲಿಯೇ ಪೆಟ್ರೋಲು ಇದೆ ಎಂಬುದನ್ನು ಮರೆಯಬಾರದು.

ಇನ್ನು ಅಪಾಯದ ಮಾತು. ಬ್ಯಾಟರಿ 12 ವೋಲ್ಟಿನದಾದರೂ ಪೆಟ್ಟಿಗೆಯೊಳಗೆ ಅದು 500 ವೋಲ್ಟಿನ ಆಸುಪಾಸಿಗೆ ಏರುತ್ತದೆ. ಅಷ್ಟು ವೋಲ್ಟು ಪ್ರಾಣವನ್ನು ತೆಗೆಯಬಲ್ಲುದು. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಎಂಬತ್ತು ವರ್ಷದ ರಬ್ಬರ್ ಹೊದಿಕೆ ಮುಟ್ಟಿದರೆ ಉದುರುತ್ತದೆ. ಕಾಗದದ ಕಂಡೆನ್ಸರು ಸೋರುತ್ತದೆ. ಮನೆಗೆ ತಂದ ದಿನವೇ ಕುತೂಹಲದಿಂದ ಸ್ವಿಚ್ಚು ಹಾಕುವುದು ಬೇಡ. ವಾಲ್ವ್ ಸೆಟ್ಟುಗಳ ಕೆಲಸವನ್ನು ಬಲ್ಲ ರಿಪೇರಿಯವರೊಬ್ಬರು ಬಿಚ್ಚಿ ನೋಡಿದ ಮೇಲೆಯೇ ವಿದ್ಯುತ್ತು ಕೊಡಬೇಕು. ಕತ್ತಲಲ್ಲಿ ಕಾಣಲೆಂದು ಆ ಕಾಲದ ಹಲವು ಸೇನಾ ಯಂತ್ರಗಳ ಮುಳ್ಳು, ಅಂಕೆಗಳಿಗೆ ರೇಡಿಯಂ ಬೆರೆಸಿದ ಬಣ್ಣ ಬಳಿದಿದ್ದರು. ಹೊಳಪು ಹೋದರೂ ರೇಡಿಯಂ ಹೋಗುವುದಿಲ್ಲ; ಅದು ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಅಂಥ ಬಣ್ಣವನ್ನು ಕೆರೆಯಬಾರದು, ಮಕ್ಕಳ ಕೈಗೆ ಕೊಡಬಾರದು.

ಸೆಟ್ಟು ಸರಿಹೋಯಿತೆನ್ನಿ. ಎಂಜಿನ್ ಚಾಲೂ ಮಾಡಿದೊಡನೆ ಫೋನಿನಲ್ಲಿ ಹುರಿಗಡಲೆ ಹುರಿದಂತೆ ಚಟಪಟ ಸದ್ದು! ಸ್ಪಾರ್ಕ್ ಪ್ಲಗ್ಗಿನ ಒಂದೊಂದು ಕಿಡಿಯೂ ಒಂದು ಪುಟ್ಟ ಪ್ರಸಾರ ಕೇಂದ್ರವೇ. ಸೈನ್ಯದವರು ಪ್ಲಗ್ಗಿನ ತಂತಿಗೆ ನಿರೋಧಕವನ್ನೂ ಡೈನಮೋಗೆ ಕಂಡೆನ್ಸರನ್ನೂ ಜೋಡಿಸಿ, ಬಾನೆಟ್ಟನ್ನು ಚಾಸಿಗೆ ಹೆಣೆದ ತಾಮ್ರದ ಪಟ್ಟಿಯಿಂದ ಕಟ್ಟಿ ಇದನ್ನು ಅಡಗಿಸುತ್ತಿದ್ದರು. ಹಾಗೆ ಮಾಡಿದ ಅಮೆರಿಕನ್ ವಾಹನಗಳ ನಂಬರಿನ ಕೊನೆಗೆ ಎಸ್ ಎಂಬ ಅಕ್ಷರ ಬರೆದಿರುತ್ತಿತ್ತು. ನೀವೂ ಅದೇ ಕ್ರಮವನ್ನು ಅನುಸರಿಸಿದರೆ ಸಾಕು.

ಏರಿಯಲ್ಲಿನ ವಿಷಯ. 7 ಮೆಗಾಸೈಕಲ್ಲಿನ ಅಲೆಯ ಉದ್ದ ಸುಮಾರು 43 ಮೀಟರು. ಅದರ ಕಾಲು ಭಾಗವೆಂದರೂ 10 ಮೀಟರಿಗೆ ಮಿಗಿಲು. ಜೀಪಿನ ಮೇಲೆ ಅಷ್ಟು ಉದ್ದದ ಕಂಬಿಯನ್ನು ನೆಡಲಾದೀತೆ? ಆದ್ದರಿಂದ ಗಿಡ್ಡ ಕಂಬಿಯ ಕೊರತೆಯನ್ನು ತುಂಬಲು ನಡುವೆ ವೇರಿಯೋಮೀಟರ್ ಎಂಬ ತಿರುಗುವ ಸುರುಳಿಯನ್ನು ಇಟ್ಟರು. ಕಂಬಿ ಗಿಡ್ಡವೆಂದು ನಿರ್ಲಕ್ಷ್ಯ ಬೇಡ. ರಸ್ತೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಯ ಕಡೆಗೆ ಸದಾ ಕಣ್ಣಿರಲಿ.

ಕೇಳುವುದು ಬೇರೆ, ಮಾತನಾಡುವುದು ಬೇರೆ. ಹಿಂದೆ ಮನೆಯ ರೇಡಿಯೋಗೂ ಲೈಸೆನ್ಸು ಬೇಕಾಗಿತ್ತು. ಆ ಕಟ್ಟಳೆ ಹೋಯಿತು. ಆದರೆ ಪ್ರೇಷಕ ಯಂತ್ರದ ಮೇಲಿನ ಕಟ್ಟಳೆ ಹೋಗಿಲ್ಲ. ಸೆಟ್ಟನ್ನು ಕೊಳ್ಳುವ ಮೊದಲೇ ನಿಯಮಗಳನ್ನು ವಿಚಾರಿಸಿ. ಹವ್ಯಾಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೇಂದ್ರ ಸರ್ಕಾರದ ಲೈಸೆನ್ಸು ಪಡೆದವರಿಗೆ ವಿಯು ಎಂದು ಮೊದಲಾಗುವ ಕರೆಗುರುತು ಸಿಗುತ್ತದೆ. ಹವ್ಯಾಸಿಗಳಿಗೆ ಬಿಟ್ಟಿರುವ 7 ಮೆಗಾಸೈಕಲ್ಲಿನ ಪಟ್ಟಿಯು ನಂಬರ್ 19 ಸೆಟ್ಟಿನ ವ್ಯಾಪ್ತಿಯೊಳಗೇ ಬರುತ್ತದೆ. ಅಪ್ಪಣೆಯಿಲ್ಲದೆ ಎಲ್ಲೆಂದರಲ್ಲಿ ಮಾತನಾಡಿದರೆ ಆಪತ್ತಿನಲ್ಲಿರುವವರ ಕರೆಯನ್ನು ಮುಳುಗಿಸಿದ ಪಾಪವೂ ಬರಬಹುದು.

ಕೊನೆಯದಾಗಿ ಒಂದು ಬಿನ್ನಹ. ಹಳೆಯ ಪೆಟ್ಟಿಗೆಯ ಕರುಳನ್ನು ಕಿತ್ತು ಹೊಸ ಯಂತ್ರವನ್ನು ತುಂಬುವವರಿದ್ದಾರೆ. ಹಾಗೆ ಮಾಡಬೇಡಿ, ಬೇಕಾದರೆ ಹೊಸದನ್ನು ಸೀಟಿನ ಕೆಳಗಿಡಿ. ಕೊರೆದ ತೂತು ಮತ್ತೆ ಮುಚ್ಚದು. ಯಂತ್ರದಂತೆಯೇ ಅದನ್ನು ಬಲ್ಲವರೂ ವಿರಳರಾಗುತ್ತಿದ್ದಾರೆ. ಭಾರತೀಯ ಸೈನ್ಯದ ಸಿಗ್ನಲ್ ಪಡೆ 1911ರಷ್ಟು ಹಿಂದಿನದು. ಸೈನ್ಯಕ್ಕೆ ಇಂಥ ಉಪಕರಣಗಳನ್ನು ಮಾಡಿಕೊಡಲೆಂದು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾದುದು 1954ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಇಂಥ ಪಡೆಯಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು ನಿವೃತ್ತರಾದ ಹಿರಿಯರು ನಿಮ್ಮ ಬೀದಿಯಲ್ಲಿಯೇ ಇರಬಹುದು. ಸೆಟ್ಟಿಗೆ ಬೆಲೆ ಕಟ್ಟುವ ಮೊದಲು ಅವರ ಮನೆಯ ಬಾಗಿಲು ತಟ್ಟಿ. ಯಾವ ಗುಂಡಿಯನ್ನು ಮೊದಲು ತಿರುಗಿಸಬೇಕು, ಎಷ್ಟು ಹೊತ್ತು ಕಾಯಬೇಕು, ಗದ್ದಲದ ನಡುವೆ ಮಾತನ್ನು ಹೇಗೆ ಬಿಡಿಸಿ ಹೇಳಬೇಕು ಎಂಬುದು ಅವರ ಬೆರಳಿನಲ್ಲಿಯೂ ನಾಲಗೆಯಲ್ಲಿಯೂ ಇದೆ. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.