ಅಂಕ ಕೊಟ್ಟವರು ಕಾರಣವನ್ನೂ ಕೊಡಲಿ



ಸಲಹಾ ಸಂಸ್ಥೆಗಳ ವೇತನ ನ್ಯಾಯದ ಮಾತು ಬಂದಾಗಲೆಲ್ಲ ನಾನು ಆನ್ ಹಾಪ್‌ಕಿನ್ಸ್ ಅವರಿಂದಲೇ ಶುರುಮಾಡುತ್ತೇನೆ. 1982ರಲ್ಲಿ ಪ್ರೈಸ್ ವಾಟರ್‌ಹೌಸ್‌ನ ವಾಷಿಂಗ್ಟನ್ ಕಚೇರಿ ಅವರ ಹೆಸರನ್ನು ಪಾಲುದಾರಿಕೆಗೆ ಸೂಚಿಸಿತು. ಇಂಥ ಸಂಸ್ಥೆಗಳಲ್ಲಿ ಪಾಲುದಾರಿಕೆ ಎಂದರೆ ಬರೀ ಬಡ್ತಿಯಲ್ಲ. ಸಂಬಳ ಪಡೆಯುವವರ ಸಾಲಿನಿಂದ ಲಾಭ ಹಂಚಿಕೊಳ್ಳುವವರ ಸಾಲಿಗೆ ದಾಟುವುದು. ಆ ವರ್ಷದ 88 ಅಭ್ಯರ್ಥಿಗಳಲ್ಲಿ ಅವರೊಬ್ಬರೇ ಮಹಿಳೆ. ಇದ್ದ 662 ಪಾಲುದಾರರಲ್ಲಿ ಮಹಿಳೆಯರು ಏಳೇ ಮಂದಿ. ಅಮೆರಿಕದ ವಿದೇಶಾಂಗ ಇಲಾಖೆಯಿಂದ ಸುಮಾರು 2.5 ಕೋಟಿ ಡಾಲರ್ ಗುತ್ತಿಗೆ ಸಂಸ್ಥೆಗೆ ಸಿಕ್ಕಿದ್ದರ ಹಿಂದೆ ಅವರ ದುಡಿಮೆಯಿತ್ತು. 47 ಮಂದಿ ಪಾಲುದಾರರಾದರು. ಹಾಪ್‌ಕಿನ್ಸ್ ಹೆಸರನ್ನು ತಡೆಹಿಡಿದರು. ಮರುವರ್ಷ ಸೂಚಿಸಲೇ ಇಲ್ಲ.

ಹಾಪ್‌ಕಿನ್ಸ್ ಹೂಡಿದ ಮೊಕದ್ದಮೆ ನಡೆದಾಗ ಪಾಲುದಾರರು ಬರೆದಿದ್ದ ಮೌಲ್ಯಮಾಪನದ ಹಾಳೆಗಳು ನ್ಯಾಯಾಲಯದ ಮುಂದೆ ಬಂದವು. ಈಕೆ ತೀರಾ ಗಂಡುಬೀರಿ ಎಂಬ ಧಾಟಿಯ ಮಾತು ಅಲ್ಲಿತ್ತು. ಹೆಣ್ಣಿನ ಹಾಗೆ ನಡೆಯಬೇಕು, ಮಾತಾಡಬೇಕು, ಮೇಕಪ್ ಮಾಡಿಕೊಳ್ಳಬೇಕು, ಒಡವೆ ತೊಡಬೇಕು ಎಂದು ಹಿರಿಯರೊಬ್ಬರು ಅವರಿಗೆ ಬುದ್ಧಿ ಹೇಳಿದ್ದರು. ಕೋಟಿಗಟ್ಟಲೆ ಡಾಲರ್ ಕೆಲಸ ತಂದವರಿಗೆ ಕೊಟ್ಟ ಸಲಹೆ ಇದು! ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಅವರು ಕೈಕೆಳಗಿನವರೊಡನೆ ಒರಟಾಗಿ ವರ್ತಿಸುತ್ತಾರೆ ಎಂಬ ದೂರೂ ಇತ್ತು. ಅದು ಹುಸಿಯೆಂದು ನ್ಯಾಯಾಲಯ ಹೇಳಲಿಲ್ಲ. ಕಿರಿಯರನ್ನು ನಡೆಸಿಕೊಳ್ಳುವ ರೀತಿಯೂ ನಮ್ಮ ಇಂದಿನ ವಿಷಯವೇ. ಆದರೆ ನ್ಯಾಯವಾದ ದೂರಿನ ಜೊತೆಗೆ ಪೂರ್ವಗ್ರಹ ಬೆರೆತರೆ, ನಿರ್ಧಾರ ಯಾವುದರಿಂದ ಆಯಿತು ಎಂದು ರುಜುವಾತುಪಡಿಸುವ ಹೊಣೆ ಯಾರದು? ಸಂಸ್ಥೆಯದೇ ಎಂದು 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಿ ಎಂದು ಕೆಳಗಿನ ನ್ಯಾಯಾಲಯ 1990ರಲ್ಲಿ ಆದೇಶಿಸಿತು. ಹಾಪ್‌ಕಿನ್ಸ್ ಅದೇ ಸಂಸ್ಥೆಗೆ ಮರಳಿ ನಿವೃತ್ತಿಯವರೆಗೂ ದುಡಿದರು. ಆ ಎದೆಗಾರಿಕೆಗೆ ನನ್ನ ನಮಸ್ಕಾರ.

ಹಾಳೆಗಳು ಹೊರಗೆ ಬರದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅನ್ಯಾಯ ಸಂಬಳದ ಚೀಟಿಯಲ್ಲಿ ಹುಟ್ಟುವುದಿಲ್ಲ. ಅದಕ್ಕೂ ಮೊದಲು ಯಾರೋ ಬರೆದ, ನೌಕರರು ಎಂದೂ ಓದದ ಷರಾದಲ್ಲಿ ಹುಟ್ಟುತ್ತದೆ. ಬಹಿರಂಗಪಡಿಸಿದ ಅಂಕಿಯೂ ಅರ್ಧ ಸತ್ಯವಾಗಬಹುದು. 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಸ್ತ್ರೀಪುರುಷರ ವೇತನದ ಅಂತರ ತಿಳಿಸಬೇಕೆಂದು ಬ್ರಿಟನ್ 2017ರಲ್ಲಿ ನಿಯಮ ತಂದಿತು. ಪಾಲುದಾರರು ನೌಕರರಲ್ಲ ಎಂಬ ಕಾರಣಕ್ಕೆ ಅತಿ ಹೆಚ್ಚು ಗಳಿಸುವವರೇ ಲೆಕ್ಕದಿಂದ ಹೊರಗುಳಿದರು. ಟೀಕೆ ಬಂದ ಮೇಲೆ ಅವರನ್ನೂ ಸೇರಿಸಿದಾಗ, ಪ್ರೈಸ್ ವಾಟರ್‌ಹೌಸ್‌ನ ಇಂದಿನ ರೂಪವಾದ ಪಿಡಬ್ಲ್ಯೂಸಿಯ ಸರಾಸರಿ ಅಂತರ ಶೇ. 40 ದಾಟಿತು.

ಇಂಥ ಸಲಹಾ ಸಂಸ್ಥೆಗಳ ದೊಡ್ಡ ಕಚೇರಿಗಳು ಈಗ ಬೆಂಗಳೂರಿನಲ್ಲಿವೆ. ರೇಟಿಂಗ್, ಇಂತಿಷ್ಟು ಮಂದಿಗೆ ಇಷ್ಟೇ ಅಂಕ ಎಂದು ಮೊದಲೇ ಗೊತ್ತುಮಾಡುವ ಬೆಲ್ ಕರ್ವ್, ಹೈಕ್, ವೇರಿಯಬಲ್ ಪೇ ಎಂಬ ಪದಗಳನ್ನು ನಮ್ಮ ಮಕ್ಕಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿಯುತ್ತಾರೆ. ರೇಟಿಂಗ್ ಯಾಕೆ ಇಳಿಯಿತು ಎಂದು ಕೇಳಿದರೆ ಕರ್ವ್‌ಗೆ ಹೊಂದಿಸಬೇಕಿತ್ತು ಎಂಬ ಉತ್ತರ. ಪಕ್ಕದವರ ಸಂಬಳ ಕೇಳುವಂತಿಲ್ಲ, ಹಲವೆಡೆ ನೇಮಕಾತಿ ಪತ್ರದಲ್ಲೇ ನಿಷೇಧವಿರುತ್ತದೆ. ಕಾನೂನಿನತ್ತ ನೋಡಿದರೆ, ನೌಕರಿಯ ಷರತ್ತುಗಳನ್ನು ಬರಹದಲ್ಲಿ ನಿಗದಿಪಡಿಸಬೇಕೆಂಬ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಮತ್ತು ಜ್ಞಾನಾಧಾರಿತ ಉದ್ಯಮಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು ಕರ್ನಾಟಕ ಸರ್ಕಾರ 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಅದಕ್ಕೆ ಷರತ್ತುಗಳನ್ನೂ ಹಾಕಿತು: ಪ್ರತಿ ಸಂಸ್ಥೆಯಲ್ಲೂ ಆಡಳಿತ ಮತ್ತು ನೌಕರರ ಸಮಸಂಖ್ಯೆಯ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿ ಇರಬೇಕು. ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುದು ಇನ್ನೊಂದು. ಆದರೆ ರಾಜೀನಾಮೆ ಕೊಟ್ಟುಬಿಡು ಎಂದು ಒತ್ತಾಯಿಸಿ ಬರೆಸಿಕೊಂಡರೆ ಅದು ವಜಾ ಅಲ್ಲ, ತಿಳಿಸುವ ಗೋಜೂ ಇಲ್ಲ.

ಹಾಗಾಗಿ ಈ ಎರಡು ದಿನಗಳ ಗೋಷ್ಠಿಗಳಲ್ಲಿ ನನ್ನ ಕೋರಿಕೆ ಇಷ್ಟು. ಆ ಸಮಿತಿಗಳಿಗೆ ನೌಕರರ ಪ್ರತಿನಿಧಿಗಳನ್ನು ಆರಿಸುವವರು ಯಾರು ಎಂಬುದನ್ನು ಮೊದಲು ಚರ್ಚಿಸಿ. ರೇಟಿಂಗ್‌ನ ಕಾರಣವನ್ನು ಬರಹದಲ್ಲಿ ಪಡೆಯುವ ಹಕ್ಕು ನೌಕರರಿಗೆ ಸಿಗುವಂತೆ ಒಂದು ಕರಡನ್ನು ನಾಳೆ ಸಂಜೆಯೊಳಗೆ ಸಿದ್ಧಪಡಿಸಿ. ಕಾರ್ಮಿಕ ಇಲಾಖೆಗೆ ಅದನ್ನು ಒಯ್ಯಲು ನಾನೂ ನಿಮ್ಮೊಡನೆ ಬರುತ್ತೇನೆ.