ಇಟಿಎಫ್ ಕೊಳ್ಳೋ ಮುಂಚೆ ಎರಡು ರೇಟು ನೋಡ್ರಿ

ನಾನು ಕಲಘಟಗಿಯವ. 2025ರ ಅಕ್ಟೋಬರ್, ದೀಪಾವಳಿ ಮುಂದ ಬೆಳ್ಳಿ ರೇಟು ಏರಾಕತ್ತಿತ್ತು. ಅಪ್ಪ ಗೋವಿನಜೋಳ ಮಾರಿ ಕೊಟ್ಟ ₹20,000ದಾಗ ನಾನು ಬೆಳ್ಳಿ ಇಟಿಎಫ್ ಕೊಂಡೆ. ಕೆಲವೇ ದಿನದಾಗ ಬೆಳ್ಳಿ ಇಳೀತು, ನನ್ನ ಯೂನಿಟ್ ಅದಕ್ಕಿಂತ ಜಾಸ್ತಿ ಇಳೀತು. ಯಾಕ?

ಇಟಿಎಫ್ ಅಂದ್ರ ಶೇರಿನಂಗ ಮಾರುಕಟ್ಟೆಯಲ್ಲಿ ಕೊಂಡು ಮಾರೋ ಫಂಡು. ಡಿಮ್ಯಾಟ್ ಖಾತೆ ಬೇಕು. ನಮ್ಮ ದೇಶದಾಗ ಮೊದಲು ಬಂದದ್ದು 2001ರ ನಿಫ್ಟಿ ಬೀಸ್. ಅದರ ಒಂದು ಯೂನಿಟ್ ಕೊಂಡ್ರ 50 ಕಂಪನಿಗಳಲ್ಲಿ ಚೂರು ಚೂರು ಪಾಲು ಸಿಗ್ತದ.

ಆದ್ರ ಇಟಿಎಫ್‌ಗೆ ಎರಡು ರೇಟು ಇರ್ತಾವು. ಒಂದು, ಒಳಗಿರೋ ಬೆಳ್ಳಿ ಅಥವಾ ಶೇರುಗಳ ಬೆಲೆ. ಅದನ್ನ ಐ-ಎನ್‌ಎವಿ ಅಂತ ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ತೋರಿಸ್ತಾರ. ಇನ್ನೊಂದು, ಕೊಳ್ಳೋರು ಮಾರೋರು ಒಪ್ಪಿದ ಬೆಲೆ. ಆಗ ಬೆಳ್ಳಿಗೆ ಅಭಾವ, ಕೊಳ್ಳೋರು ಮುಗಿಬಿದ್ದಿದ್ರು. ₹100ರ ಬೆಳ್ಳಿಗೆ ನಾನು ಹತ್ತಿರಹತ್ತಿರ ₹110 ಕೊಟ್ಟಂಗಾತು. ನೂಕುನುಗ್ಗಲು ಕಡಿಮೆ ಆದ ಕೂಡಲೇ ಆ ಹೆಚ್ಚಿನ ಹತ್ತು ರೂಪಾಯಿ ಕರಗಿಹೋತು.

ಅಪ್ಪಗ ಹೇಳಿದೆ. ‘ಎಪಿಎಂಸಿ ರೇಟು ಕೇಳದ ನಾ ಒಂದು ಚೀಲಾನೂ ಕೊಡಂಗಿಲ್ಲ. ನೀ ಹೆಂಗ ಕೊಂಡ್ಯೋ?’ ಅಂದ.

ಈಗ ಮೊದಲು ಐ-ಎನ್‌ಎವಿ ನೋಡ್ತೀನಿ. ಮಾರ್ಕೆಟ್ ಆರ್ಡರ್ ಬಿಟ್ಟು ಲಿಮಿಟ್ ಆರ್ಡರ್ ಹಾಕ್ತೀನಿ. ಅಂದ್ರ, ಇಷ್ಟಕ್ಕಿಂತ ಜಾಸ್ತಿ ಕೊಡಂಗಿಲ್ಲ ಅಂತ ಮೊದಲೇ ಹೇಳೋದು. ದಿನಾ ಚಲೋ ವಹಿವಾಟು ಇರೋ ಇಟಿಎಫ್ ಅಷ್ಟೇ ಆರಿಸ್ತೀನಿ.

ಇಷ್ಟೆಲ್ಲಾ ನೋಡಿದ್ರೂ ಮಾರುಕಟ್ಟೆ ಬೀಳಬಹುದು. ಬೀಜ-ಗೊಬ್ಬರದ ದುಡ್ಡು ಮಾತ್ರ ಇದಕ್ಕ ಹಾಕಬ್ಯಾಡ್ರಿ.